ಮಷಿನ್ ಆರಿಸಿಕೊಟ್ಟ ಚಾಚಾ

ಚಹಾ ಎಷ್ಟು ಬಿಸಿಯಿದೆ ಎಂದು ತಿಳಿಯಲು ಚಾಚಾ ಗ್ಲಾಸನ್ನು ಗಲ್ಲಕ್ಕೆ ಹಚ್ಚಿಕೊಳ್ಳುತ್ತಿದ್ದರು. ಅವರ ಬೆರಳುಗಳಿಗೆ ಬಿಸಿ ತಂಪು ಒಂದೂ ಗೊತ್ತಾಗುತ್ತಿರಲಿಲ್ಲ. ಹರೆಯದಲ್ಲಿ ಕನಮಡಿ ಕಡೆಯ ಬಾವಿಗಳಿಗೆ ಇಳಿದು, ಕಲ್ಲು ಒಡೆಯುವ ಮಷಿನ್ ಹಿಡಿದು ಹಿಡಿದು ತುದಿಗಳು ಬೆಳ್ಳಗಾಗಿ ಸತ್ತುಹೋಗಿದ್ದವು. ಆಮೇಲೆ ಸೊಲ್ಲಾಪುರ ರಸ್ತೆಯಲ್ಲಿ ಡ್ರಿಲ್ ಮಷಿನ್ ಮಾರುವ, ರಿಪೇರಿ ಮಾಡುವ ಅಂಗಡಿ ಇಟ್ಟರು. ಎಲ್ಲರಿಗೂ ಅವರು ಚಾಚಾ, ನನಗೂ.

ನಾನು ಅವರಲ್ಲಿಗೆ ಹೋದದ್ದು ಬೇರೆ ದಾರಿ ಇಲ್ಲದೆ. ನನ್ನ ಗಂಡ ಪ್ಲಂಬರ್. ಬಬಲೇಶ್ವರದ ಒಂದು ಹೊಸ ಮನೆಯ ಛಾವಣಿಗೆ ತೂತು ಹಾಕುವಾಗ ಡ್ರಿಲ್ಲಿನ ತುದಿಯ ಕೊರೆಯುವ ಬಿಟ್ ಕಬ್ಬಿಣದ ಸರಳಿಗೆ ಸಿಕ್ಕಿಬಿತ್ತು. ಬಿಟ್ ನಿಂತಿತು, ಮಷಿನ್ನೇ ತಿರುಗಿತು, ಅದರ ಜೊತೆ ಅವರ ಮುಂಗೈಯೂ. ಎಲುಬು ಕೂಡಿತು, ಬಲ ಬರಲಿಲ್ಲ. ಪೈಪು ಜೋಡಿಸಬಲ್ಲರು, ಮಷಿನ್ ಹಿಡಿಯಲಾರರು. ಗೋಡೆ ಕೊರೆಯದ ಪ್ಲಂಬರನನ್ನು ಯಾರು ಕರೆಯುತ್ತಾರೆ? ಹಾಗಾದರೆ ನಾನೇ ಕೊರೆಯುತ್ತೇನೆ ಎಂದೆ. ಟಿಕೋಟಾದ ನನ್ನ ತವರಿನವರು ನಕ್ಕರು. ನಗಲಿ, ನಕ್ಕವರೇನು ರೊಟ್ಟಿ ಬಡಿದು ಕಳಿಸುತ್ತಿದ್ದರೇ?

ಹೆಣ್ಣಿನ ಕೈಗೆ ಸಣ್ಣದೇ ಸಾಕು ಎಂದು ನಾವಿಬ್ಬರೂ ಮಾತಾಡಿಕೊಂಡೇ ಹೋಗಿದ್ದೆವು. ಮರಕ್ಕೆ ತೂತು ಹಾಕುವಂಥ ಪುಟ್ಟ ಡ್ರಿಲ್ ತೋರಿಸಿ ಅದನ್ನು ಕೇಳಿದೆ. ಚಾಚಾ ಅದನ್ನು ಕೈಗೇ ಕೊಡಲಿಲ್ಲ.

“ಎಂಥಾ ಗ್ವಾಡಿ ಕೊರಿಯಾಕಿ ನೀ?”

“ಎಲ್ಲಾನೂ ರೀ. ಇಟ್ಟಂಗಿ, ಕಾಂಕ್ರೀಟು, ಹಳ್ಳ್ಯಾಗ ಕಲ್ಲಿನ ಗ್ವಾಡಿ.”

“ಹಂಗಾರ ಇದು ಬ್ಯಾಡ. ಇದು ತಾ ಹೊಡ್ಯೂದಿಲ್ಲ ಯವ್ವಾ, ನೀನ ಮೈಭಾರ ಹಾಕಿ ಒತ್ತಬೇಕು. ಗ್ವಾಡಿಗೆ ತೂತು ಬೀಳೂದ್ರಾಗ ನಿನ್ನ ರಟ್ಟಿ ಬೀಳ್ತಾವ.”

ನನ್ನ ಗಂಡ ಕಪಾಟಿನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ರೋಟರಿ ಹ್ಯಾಮರ್ ಕಡೆ ಕೈ ಮಾಡಿದರು. ಅದು ನೆಲ ಒಡೆಯುವವರಿಗೆ ಎಂದು ಚಾಚಾ ಅದನ್ನೂ ತಳ್ಳಿಹಾಕಿದರು. ಅದೇ ಜಾತಿಯ, ಒಳಗಿನ ಸುತ್ತಿಗೆ ತಾನೇ ಹೊಡೆಯುವ, ಆದರೆ ಹಗುರವಾದ ಒಂದನ್ನು ನನ್ನ ಕೈಗಿಟ್ಟು, “ತಲಿ ಮ್ಯಾಲ ಎತ್ತಿ ಹಿಡಿ. ನನ್ನ ಚಹಾ ಮುಗಿಯೂತನಕ ಇಳಸಬ್ಯಾಡ” ಎಂದರು. ಅವರು ಕುಡಿಯುವ ನಿಧಾನಕ್ಕೆ ಮನಸ್ಸಿನಲ್ಲೇ ಬೈದುಕೊಂಡೆ. ತೋಳು ನಡುಗಿತು, ಇಳಿಯಲಿಲ್ಲ. ಮಷಿನ್ ಕೊಳ್ಳಲು ಬಂದವರಿಗೆಲ್ಲ ಇದೇ ಪರೀಕ್ಷೆಯೆಂದು ಆಮೇಲೆ ತಿಳಿಯಿತು. ಮೀಸೆ ತಿರುವಿಕೊಂಡು ಬಂದವರೂ ಅರ್ಧ ಗ್ಲಾಸಿಗೇ ಸೋತಿದ್ದರಂತೆ.

ಬಳಿಕ ಅಂಗಡಿ ಮುಂದಿನ ಕಾಂಕ್ರೀಟ್ ತುಂಡಿನಲ್ಲಿ, ಸರಳು ಇರುವಲ್ಲೇ ಬೇಕೆಂದೇ ಕೊರೆಸಿದರು. ಬಿಟ್ ಸಿಕ್ಕಿಕೊಂಡಿತು. ಮಷಿನ್ ಕಟಕಟ ಎಂದಿತು. ಕೈ ಒಮ್ಮೆ ಜಗ್ಗಿತು, ತಿರುಗಲಿಲ್ಲ.

“ಇದರಾಗ ಕ್ಲಚ್ ಐತಿ. ಬಿಟ್ ಸಿಕ್ಕರ ಒಳಗ ಜಾರತೈತಿ, ನಿನ್ನ ಕೈ ಉಳಿತೈತಿ.”

ನನ್ನ ಗಂಡ ತಮ್ಮ ಮುಂಗೈ ನೋಡಿಕೊಂಡು ರಸ್ತೆಯ ಕಡೆ ಹೋಗಿ ನಿಂತರು.

ಅಂದಿನಿಂದ ಆ ಮಷಿನ್ನಿನ ಮೇಲೆಯೇ ನಮ್ಮ ಸಂಸಾರ. ದಿನವಿಡೀ ಧೂಳು ಕುಡಿದು, ಭುಜ ಹಿಡಿದುಕೊಂಡು, ಗ್ರೀಸು ಹಾಕಿಸಲು ಹೋದಾಗಲೆಲ್ಲ ಚಾಚಾನ ಮಾತು ಒಂದೇ: “ಒತ್ತಬ್ಯಾಡ. ಕೆಲಸ ಅದು ಮಾಡ್ಲಿ, ನೀ ಬರೇ ಹಿಡಕೊಂಡಿರು.” ನನ್ನ ಮುಖ ತೀರಾ ಬಾಡಿದ್ದರೆ ಮಷಿನ್ ಒಳಗಿಟ್ಟು, “ಇವತ್ತ ಆಗೂದಿಲ್ಲ, ನಾಳಿ ಮಧ್ಯಾಹ್ನ ಬಾ” ಎನ್ನುತ್ತಿದ್ದರು. ಗ್ರೀಸು ಹಾಕಲು ಅಷ್ಟು ಹೊತ್ತು ಬೇಡವೆಂದು ನನಗೂ ಗೊತ್ತಿತ್ತು. ಮನೆಗೆ ಹೋಗಿ ಮಲಗುತ್ತಿದ್ದೆ. ಬೇರೆ ಯಾರೂ ನನಗೆ ರಜೆ ಕೊಟ್ಟವರಲ್ಲ.

ಈ ಬೇಸಿಗೆಯಲ್ಲಿ ಚಾಚಾ ತೀರಿಕೊಂಡರು. ಕೆಲವು ದಿನ ಬಿಟ್ಟು, ಕೆಲಸ ಮುಗಿಸಿ ಬರುವ ದಾರಿಯಲ್ಲಿ ಇಬ್ರಾಹಿಂಪುರದ ಅವರ ಮನೆಗೆ ಹೋದೆ. ಚಾಚಿಯ ಪಕ್ಕ ಕೂತೆ. ಬಚ್ಚಲಲ್ಲಿ ನೀರು ತೊಟ್ಟಿಕ್ಕುವ ಸದ್ದು. ಎದ್ದು ನೋಡಿದರೆ ಗೋಡೆ ನೆನೆದು ಹನಿಯುತ್ತಿತ್ತು; ಒಳಗಿನ ಪೈಪೇ ಸೀಳಿತ್ತು, ಕೆಳಗೆ ಬಕೆಟ್ ಇಟ್ಟಿದ್ದರು.

“ಯಾವಾಗಿಂದ ಚಾಚಿ?”

“ಹ್ವಾದ ವರ್ಷದಿಂದ. ನಿನ್ನ ಕರೀರಿ ಅಂದ್ರ, ಆಕಿ ದಣದಿರ್ತಾಳ, ಮತ್ತ ಯಾವಾಗರ ಕರಿಯೂಣು ಅಂತಿದ್ರು. ಬ್ಯಾರೇದವರ್ನೂ ಕರಸಗೊಡಲಿಲ್ಲ. ಅದು ಆಕಿ ಕೆಲಸ ಅಂತಿದ್ರು.”

ನನಗೆ ಮೊದಲು ಬಂದದ್ದು ಸಿಟ್ಟು, ಸತ್ತವರ ಮೇಲೆ. ಆಮೇಲೆ ಅಳು. ಹೊರಗೆ ಗಾಡಿಯಲ್ಲಿದ್ದ ಮಷಿನ್ ತಂದು ಅಳುತ್ತಲೇ ಗೋಡೆ ಒಡೆದೆ. ಗಂಡನನ್ನು ಫೋನು ಮಾಡಿ ಕರೆಸಿ ಪೈಪು ಬದಲಿಸಿದೆವು. ಸಂಜೆಗೆ ಸೋರುವುದು ನಿಂತಿತು. ಚಾಚಾನಿಗೆಂದು ನಾನು ಮಾಡಿದ ಕೆಲಸ ಅದೊಂದೇ, ಅದನ್ನೂ ಅವರು ನೋಡಲಿಲ್ಲ.