ಲೂರ್ದಮ್ಮ ಆಂಟಿ ವಾಪಸ್ ತೆಗೆದುಕೊಂಡ ಕ್ಷಮೆ

ತರಕಾರಿ ತರಲು ಹೋದಾಗ ಒಮ್ಮೆ ಸ್ಕೂಟರಿನವನೊಬ್ಬ ಲೂರ್ದಮ್ಮ ಆಂಟಿಗೆ ಗುದ್ದಿಬಿಟ್ಟ. ಕನಕಪುರ ರಸ್ತೆಯ ಅಂಚಿನಲ್ಲಿ ಬಿದ್ದ ಆಂಟಿ ಇನ್ನೂ ಎದ್ದು ಕೂತಿರಲಿಲ್ಲ, ಆಗಲೇ "ಹೋಗ್ಲಿ ಬಿಡಪ್ಪ, ನೀನೇನು ಬೇಕಂತ ಮಾಡಿದ್ಯಾ?" ಎಂದು ಅವನಿಗೇ ಸಮಾಧಾನ ಹೇಳುತ್ತಿದ್ದರು. ಮೊಣಕೈಯಿಂದ ರಕ್ತ ಸೋರುತ್ತಿತ್ತು. ಜೊತೆಗಿದ್ದ ನಾನು ಗಾಡಿಗೆ ಅಡ್ಡ ನಿಂತು ಅವನನ್ನು ಬೈಯತೊಡಗಿದರೆ, ನನಗೇ ಗದರಿದರು. "ಗಿರಿಜಾ, ಬಿಡಮ್ಮ ಅವನ್ನ. ಕೆಲಸಕ್ಕೆ ಲೇಟಾಗುತ್ತೆ ಪಾಪ."

ನನ್ನದು ಗದಗ. ಜೆ.ಪಿ. ನಗರದಲ್ಲಿ ಕೆಲಸ ಸಿಕ್ಕಿದಾಗ ಜರಗನಹಳ್ಳಿಯ ಒಂದು ಬಿಲ್ಡಿಂಗಿನ ಮಹಡಿಯಲ್ಲಿ ಬಾಡಿಗೆಗೆ ಬಂದೆ. ಕೆಳಗಿನ ಮನೆಯಲ್ಲಿ ಲೂರ್ದಮ್ಮ ಆಂಟಿ ಮತ್ತು ಅವರ ಮಗಳು ನಿರ್ಮಲಾ. ಆಂಟಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದರು. ಹೊಲಿಗೆ ಯಂತ್ರದ ಮೇಲ್ಗಡೆ ಗೋಡೆಯಲ್ಲಿ ಯೇಸುವಿನ ಪಟ, ಅದರ ಮುಂದೆ ಸಣ್ಣ ಕೆಂಪು ಬಲ್ಬು. ನಾನು ಮೆಟ್ಟಿಲಿಳಿದರೆ ಸಾಕು, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ "ಏನ್ರೀ ಗದಗಿನೋರೇ, ಊಟ ಆತೇನ್ರೀ?" ಎಂದು ನಮ್ಮ ಮಾತನ್ನು ಅಣಕಿಸುತ್ತಿದ್ದರು. ನೀರು ಬೆರೆಸುವ ಹಾಲಿನವನಿಗೂ, ಬಟ್ಟೆ ಹಾಳಾಯಿತೆಂದು ಜಗಳ ತೆಗೆಯುವ ಗಿರಾಕಿಗೂ ಅವರದು ಒಂದೇ ಮಾತು: ಹೋಗ್ಲಿ ಬಿಡಿ.

ಆ ಮಾತು ಬಂದಾಗಲೆಲ್ಲ ನಿರ್ಮಲಾ ಎದ್ದು ಒಳಗೆ ಹೋಗುತ್ತಿದ್ದಳು. ಯಾಕೆಂದು ನನಗೆ ತಿಳಿದದ್ದು ಅವಳೊಂದಿಗೆ ಸ್ನೇಹ ಬೆಳೆದ ಮೇಲೆ. ಅವಳ ಎಡಗಣ್ಣು ನಿಜವಾದದ್ದಲ್ಲ. ಹತ್ತು ವರ್ಷದವಳಿದ್ದಾಗ, ದೀಪಾವಳಿಯ ಸಂಜೆ, ಎದುರು ಮನೆಯ ಹುಡುಗ ಮಧು ಬಾಟಲಿಯಲ್ಲಿಟ್ಟು ಹಚ್ಚಿದ ರಾಕೆಟ್ ಮೇಲಕ್ಕೆ ಹೋಗದೆ ಅಡ್ಡ ಹಾರಿ ಬಂದು ಆ ಕಣ್ಣಿಗೆ ಬಡಿದಿತ್ತು. ಮಧುವಿನ ತಂದೆತಾಯಿಯೇ ನಮ್ಮ ಬಿಲ್ಡಿಂಗಿನ ಓನರ್. ನಿರ್ಮಲಾಳ ತಂದೆ ಅಷ್ಟರಲ್ಲಿ ತೀರಿಕೊಂಡಿದ್ದರು. ಅಳುತ್ತಿದ್ದ ಮಗನನ್ನು ಕರೆದುಕೊಂಡು ಮಧುವಿನ ತಂದೆತಾಯಿ ಆಸ್ಪತ್ರೆಗೆ ಬಂದರಂತೆ. ಕಣ್ಣು ಉಳಿಯುತ್ತದೋ ಇಲ್ಲವೋ ಎಂದು ಡಾಕ್ಟರು ಹೇಳುವ ಮೊದಲೇ ಲೂರ್ದಮ್ಮ ಆಂಟಿ ಹುಡುಗನ ತಲೆ ಸವರಿ, "ಕ್ಷಮಿಸಿದೀನಿ ಕಣಪ್ಪ, ಅಳಬೇಡ" ಅಂದುಬಿಟ್ಟರು. ಪೊಲೀಸರ ಮಾತೇ ಬರಲಿಲ್ಲ.

ಮುಂದೆ ಒಂದು ಭಾನುವಾರ ಚರ್ಚಿನಲ್ಲಿ ಫಾದರ್ ತಮ್ಮ ಪ್ರಬೋಧನೆಯಲ್ಲಿ ಇದನ್ನೇ ಹೇಳಿ, ಕ್ಷಮೆ ಎಂದರೆ ಈ ತಾಯಿಯನ್ನು ನೋಡಿ ಕಲಿಯಿರಿ ಎಂದರು. "ಎಲ್ಲರೂ ತಿರುಗಿ ಅಮ್ಮನ್ನ ನೋಡಿದ್ರು," ಎಂದಳು ನಿರ್ಮಲಾ. "ನಾನು ಕಣ್ಣಿಗೆ ಪಟ್ಟಿ ಕಟ್ಕೊಂಡು ಪಕ್ಕದಲ್ಲೇ ಕೂತಿದ್ದೆ."

ಇಪ್ಪತ್ತು ವರ್ಷ ಆ ಮನೆಯಲ್ಲಿ ಈ ಮಾತು ಬರಲಿಲ್ಲ. ನಿರ್ಮಲಾ ಬನಶಂಕರಿಯ ಮೆಡಿಕಲ್ ಸ್ಟೋರಿಗೆ ಕೆಲಸಕ್ಕೆ ಸೇರಿದಳು. ಮಧುವಿಗೆ ಮದುವೆಯಾಗಿ ಹೆಣ್ಣು ಮಗು ಹುಟ್ಟಿತು. ನಾಮಕರಣಕ್ಕೆ ಕರೆಯಲು ಅವನ ತಾಯಿ ಸ್ವೀಟ್ ಬಾಕ್ಸ್ ಹಿಡಿದು ಬಂದು ಹೋದ ಮೇಲೆ, ಆಂಟಿ ಮಗಳಿಗೆ, "ನೀನೂ ಒಂದು ಗಳಿಗೆ ಬಂದು ಹೋಗು ಕಣೇ. ಕ್ಷಮಿಸು ಅಂತಲ್ವಾ ಯೇಸುಸ್ವಾಮಿ ಹೇಳಿರೋದು," ಎಂದರು. ನಾನು ಅಳತೆ ಕೊಡಲು ಅಲ್ಲೇ ನಿಂತಿದ್ದೆ.

ನಿರ್ಮಲಾ ದನಿ ಏರಿಸಲಿಲ್ಲ. "ಯೇಸು ತನ್ನ ಕೈಗೆ ಮೊಳೆ ಹೊಡೆದವರನ್ನ ಕ್ಷಮಿಸಿದ್ದಮ್ಮ. ನೀನು ನನ್ನ ಕಣ್ಣು ತೆಗೆದವನನ್ನ ಕ್ಷಮಿಸಿದೆ. ನನ್ನ ಒಂದು ಮಾತು ಕೇಳಿದ್ಯಾ? ಅದು ಕ್ಷಮೆನೂ ಅಲ್ಲ. ಓನರ್ ಮನೆ ಬಿಡಿಸ್ತಾರೆ ಅನ್ನೋ ಭಯ."

ಆಂಟಿ ಟೇಪನ್ನು ಸುತ್ತುತ್ತಲೇ ಇದ್ದರು. "ಭಯ ಇತ್ತು," ಎಂದರು ಕೊನೆಗೆ. "ನಿನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ ಅಂತ ತುಂಬಾ ಭಯ ಇತ್ತು."

ನಾಮಕರಣಕ್ಕೆ ಇಬ್ಬರೂ ಹೋಗಲಿಲ್ಲ. ಅದಾದ ವಾರ ಆಂಟಿ ಯಂತ್ರಕ್ಕೆ ಕೂರಲೇ ಇಲ್ಲ. ಒಂದು ಬೆಳಿಗ್ಗೆ ನನ್ನ ಬಾಗಿಲು ಬಡಿದು, "ಸ್ವಲ್ಪ ಜೊತೆಗೆ ಬಾರಮ್ಮ, ಒಬ್ಳೇ ಹೋಗೋಕೆ ಧೈರ್ಯ ಸಾಲ್ತಿಲ್ಲ," ಎಂದರು. ಎದುರು ಮನೆಗೆ ಹೋದೆವು. ಮಧು ಮಗುವನ್ನು ಎತ್ತಿಕೊಂಡು ನಡುಮನೆಯಲ್ಲಿ ಓಡಾಡುತ್ತಿದ್ದ.

"ಮಧು, ಅವತ್ತು ಆಸ್ಪತ್ರೆಯಲ್ಲಿ ಕ್ಷಮಿಸಿದೀನಿ ಅಂದಿದ್ನಲ್ಲ, ಅದನ್ನ ವಾಪಸ್ ತಗೋತಿದೀನಿ."

ತಮಾಷೆಯೆಂದುಕೊಂಡು ಅವನು ನಕ್ಕ. "ಏನಾಂಟಿ ಇದು?"

"ಅದು ನನ್ನದಲ್ಲ ಕೊಡೋಕೆ. ಕಣ್ಣು ಹೋಗಿದ್ದು ಅವಳದು. ಅವಳ ಹತ್ರ ಒಂದು ದಿನಾನಾದ್ರೂ ಬಂದು ತಪ್ಪಾಯ್ತು ಅಂದಿದ್ಯಾ? ಹೋಗಿ ಕೇಳು. ಅವಳು ಇಲ್ಲ ಅಂದ್ರೆ ಇಲ್ಲ."

ಅಡುಗೆಮನೆಯಿಂದ ಅವನ ತಾಯಿ ಓಡಿ ಬಂದರು. "ಇಷ್ಟು ವರ್ಷ ಆದ್ಮೇಲೆ ಇದೇನು ಲೂರ್ದಮ್ಮ? ಮನೇಲಿ ಹಸುಗೂಸಿದೆ."

"ಖಾಲಿ ಮಾಡಿ ಅಂದ್ರೆ ಮಾಡ್ತೀವಕ್ಕ," ಎಂದರು ಆಂಟಿ. ನನ್ನ ಕೈ ಹಿಡಿದುಕೊಂಡು ಹೊರಗೆ ನಡೆದರು.

ಯಾರೂ ಖಾಲಿ ಮಾಡಿಸಲಿಲ್ಲ. ಭಾನುವಾರ ತಾಯಿಮಗಳು ಚರ್ಚಿನಿಂದ ಬಂದ ಮೇಲೆ ನಾವು ಮೂವರೂ ತಿಂಡಿಗೆ ಕೂತಿದ್ದಾಗ ಮಧು ಬಂದ. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ. ನಿರ್ಮಲಾ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಎಲ್ಲರೂ ಅದು ಆಕ್ಸಿಡೆಂಟ್ ಅಂದ್ಕೊಂಡಿದಾರೆ," ಎಂದ. "ನಾನು ಬಾಟ್ಲಿನ ನಿನ್ನ ಕಡೆ ವಾಲಿಸಿ ಹಚ್ಚಿದ್ದೆ. ನೀನು ಹೆದರಿ ಓಡ್ತೀಯ, ನಗೋಣ ಅಂತ. ಆಸ್ಪತ್ರೆಯಲ್ಲಿ ಅದನ್ನ ಹೇಳ್ಬೇಕು ಅಂತಾನೇ ಇದ್ದೆ. ಅಷ್ಟರಲ್ಲಿ ಆಂಟಿ ಕ್ಷಮಿಸಿದೀನಿ ಅಂದ್ಬಿಟ್ರು. ಆಮೇಲೆ ಬಾಯಿ ಬರ್ಲಿಲ್ಲ. ತಪ್ಪಾಯ್ತು ನಿರ್ಮಲಾ."

ನಾನು ಆಂಟಿಯ ಮುಖ ನೋಡಿದೆ. ಹೋಗ್ಲಿ ಬಿಡು ಅನ್ನುತ್ತಾರೇನೋ ಎಂದುಕೊಂಡಿದ್ದೆ. ಅವರು ತಟ್ಟೆಯನ್ನು ಕೆಳಗೆ ತಳ್ಳಿ, "ಬೇಕಂತ ಮಾಡಿದ್ಯೇನೋ?" ಎಂದು ಕೂಗಿಕೊಂಡು ಅವನ ಮೇಲೇ ಹೋದರು. ನಿರ್ಮಲಾ ನಡುವೆ ಬಂದು ಅಮ್ಮನನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಂಟಿಯ ಬಾಯಲ್ಲಿ ಬೈಗುಳ ಬಂದದ್ದನ್ನು ನಾನು ಕೇಳಿದ್ದು ಅಂದೊಂದೇ.

"ಇವತ್ತು ನನ್ನ ಕೈಲಿ ಏನೂ ಹೇಳೋಕಾಗಲ್ಲ," ಎಂದಳು ನಿರ್ಮಲಾ ಅವನಿಗೆ. "ಆದ್ರೆ ಹೇಳಿದ್ಯಲ್ಲ, ಒಳ್ಳೇದಾಯ್ತು. ಈಗ ಹೋಗು. ಇನ್ನೊಂದಿನ ಬಾ."

ಅವನು ಮತ್ತೆ ಬಂದ, ಆಮೇಲೂ ಬರುತ್ತಿದ್ದ. ಅವರಿಬ್ಬರೂ ಮೆಟ್ಟಿಲ ಮೇಲೆ ಕೂತು ಮಾತಾಡಿಕೊಳ್ಳುವುದು ನನಗೆ ಮಹಡಿಯಿಂದ ಕಾಣುತ್ತಿತ್ತು. ಒಂದು ಸಂಜೆ ಅವನ ಮಗು ನಿರ್ಮಲಾಳ ತೊಡೆಯ ಮೇಲಿತ್ತು. ಒಳಗೇ ಉಳಿದವರು ಆಂಟಿ. ಅವನ ದನಿ ಕೇಳಿದರೆ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದರು.

"ಕ್ಷಮಿಸೋದು ಇಷ್ಟು ಕಷ್ಟ ಅಂತ ನಂಗೆ ಗೊತ್ತೇ ಇರ್ಲಿಲ್ಲ ಗಿರಿಜಾ," ಎಂದರು ನನ್ನೆದುರು. "ಇಷ್ಟು ವರ್ಷ ನಾನು ಮಾಡ್ತಿದ್ದಿದ್ದು ಬೇರೆ ಏನೋ. ಈಗ ದಿನಾ ಜಪಸರ ಹಿಡಿದು ಅವನಿಗೋಸ್ಕರ ಪ್ರಾರ್ಥನೆ ಮಾಡ್ತೀನಿ. ಹಲ್ಲು ಕಚ್ಕೊಂಡು ಮಾಡ್ತೀನಿ. ಒಂದೊಂದಿನ ಹೆಸರು ಹೇಳೋಕೇ ಆಗಲ್ಲ."

ಆ ಮಳೆಗಾಲದಲ್ಲಿ ಅವರ ಕಿಡ್ನಿ ಕೆಟ್ಟಿತು. ಡಯಾಲಿಸಿಸ್ ಮಾಡಿಸಿಕೊಂಡು ಬಂದ ದಿನ ಮಾತಾಡಲೂ ಆಗದಷ್ಟು ಸುಸ್ತು. ಆಸ್ಪತ್ರೆಗೆ ಕರೆದೊಯ್ಯಲು ಮಧು ಕಾರು ತಂದರೆ ಹತ್ತುತ್ತಿದ್ದರು, ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಅವರು ಅವನನ್ನು ಕೊನೆಗೆ ಕ್ಷಮಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಕೊನೆಯ ಸಲ ಅವರನ್ನು ನೋಡಿದಾಗ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದರು. ನಿರ್ಮಲಾ ಹಿಂದೆ ಕೂತು ತಲೆ ಬಾಚುತ್ತಿದ್ದಳು. ಕೂದಲು ತೀರಾ ತೆಳ್ಳಗಾಗಿತ್ತು. ಆಂಟಿ ನನ್ನನ್ನು ನೋಡಿ ನಕ್ಕರು. ಆಮೇಲೆ ಹಿಂದಕ್ಕೆ ತಿರುಗದೆಯೇ, "ಮಧುನ ನೀನು ಬಾ ಅಂತ ಕರೆದೆ. ನನ್ನ ವಿಷಯ ಏನೇ?" ಎಂದು ಮಗಳನ್ನು ಕೇಳಿದರು.

ನಿರ್ಮಲಾ ಬಾಚಣಿಗೆಗೆ ಸಿಕ್ಕಿಕೊಂಡಿದ್ದ ಕೂದಲನ್ನು ಬಿಡಿಸಿದಳು.

"ನಿನ್ನ ಮೇಲೆ ಇನ್ನೂ ಕೋಪ ಇದೆ ಕಣಮ್ಮ," ಎಂದಳು. "ಸ್ವಲ್ಪ ಈ ಕಡೆ ಒರಗು, ಜಡೆ ಹಾಕ್ತೀನಿ."

ಲೂರ್ದಮ್ಮ ಆಂಟಿ ಕಣ್ಣು ಮುಚ್ಚಿ ಮಗಳ ಎದೆಗೆ ಒರಗಿಕೊಂಡರು.