ಸಮುದ್ರ ಒಲ್ಲೆನೆಂದ ಬಾಗಿನ

ಆ ವರ್ಷ ನಮ್ಮ ದೇವನಹಳ್ಳಿಯಲ್ಲಿ ಕೆರೆ ಕೋಡಿ ಬೀಳಲಿಲ್ಲ. ನಮ್ಮತ್ತೆಗೆ ಅದೇ ಕೊರಗು. ಎರಡು ಸಲ ಬಸುರು ನಿಲ್ಲದ ನನ್ನ ನಾದಿನಿಗೆ ಮತ್ತೆ ತಿಂಗಳು ನಿಂತಿತ್ತು. ಹೆರಿಗೆ ಸುಸೂತ್ರವಾಗಲಿ ಅಂತ ಅತ್ತೆ ಗಂಗಮ್ಮನಿಗೆ ಬಾಗಿನದ ಹರಕೆ ಹೊತ್ತಿದ್ದರು. ತುಂಬದ ಕೆರೆಗೆ ಬಾಗಿನ ಬಿಡುವ ಹಾಗಿಲ್ಲ.

"ಮದ್ರಾಸಿಗೆ ಹೋಗೋಣ ಬಾರಮ್ಮ. ಸಮುದ್ರ ಬೇಸಿಗೇಲೂ ತುಂಬಿರ್ತದೆ," ಅಂದರು ನಮ್ಮ ಯಜಮಾನರು. ಅವರಿಗೆ ಊರು ನೋಡುವ ಚಪಲ. ಅತ್ತೆ ಅದನ್ನೇ ನಿಜ ಮಾಡಿಕೊಂಡು ಅವತ್ತೇ ಮೊರಕ್ಕೆ ಅರಿಶಿನ ಬಳಿದರು.

ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಾಚಣಿಗೆ, ರವಿಕೆ ಕಣ ತುಂಬಿ, ಮೇಲೊಂದು ಮೊರ ಮುಚ್ಚಿ ದಾರ ಸುತ್ತಿದ ಬಾಗಿನ ಅವರ ಮಡಿಲು ಬಿಟ್ಟು ಇಳಿಯಲಿಲ್ಲ. ಮದ್ರಾಸಿನ ಮ್ಯೂಸಿಯಮ್ಮಿನ ಬಾಗಿಲಲ್ಲಿ ಕಾವಲಿನವನು ಅದನ್ನು ಹೊರಗಿಡಿ ಅಂತ ಸನ್ನೆ ಮಾಡಿದ. "ತಿಮಿಂಗಿಲದ ಮೂಳೆ ನೀವೇ ನೋಡ್ಕೊಂಡು ಬನ್ನಿ," ಅಂತ ಅತ್ತೆ ಮರದ ನೆರಳಲ್ಲಿ ಕೂತೇಬಿಟ್ಟರು. ಕೋಟೆ ತೋರಿಸಿದರೆ, "ಕೋಟೆ ನಮ್ಮೂರಲ್ಲಿಲ್ವೇನೋ? ಸಮುದ್ರ ಎಲ್ಲಿ ಹೇಳು," ಅಂತ ರೇಗಿದರು.

ಕೊನೆಗೂ ಸಮುದ್ರ ಬಂತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲುದ್ದ ನೀರಲ್ಲಿ ನಿಂತು, ಕಣ್ಣು ಮುಚ್ಚಿ ಬಾಗಿನ ಬಿಟ್ಟರು. ನಮ್ಮ ಕೆರೆಯಲ್ಲಾದರೆ ಅದು ತೇಲಿಕೊಂಡು ಹೋಗುತ್ತದೆ. ಇಲ್ಲಿ ಅಲೆ ಅದನ್ನು ತಂದು ಅವರ ಕಾಲಿಗೇ ಬಡಿಯಿತು. ಮತ್ತೆ ಬಿಟ್ಟರು. ಮತ್ತೆ ವಾಪಸ್.

"ದೂರ ಎಸೀಲಾಮ್ಮ?"

"ಬಾಗಿನ ಎಸೀತಾರೇನೋ, ಮುಂಡೇದೆ!" ಅಂತ ಅತ್ತೆ ಮಗನನ್ನು ಗದರಿದರು. "ಗಂಗಮ್ಮ ಬೇಡ ಅಂತಿದ್ದಾಳೆ ಕಣೇ," ಅಂತ ನನ್ನ ಕೈ ಹಿಡಿದುಕೊಂಡರು.

ಮೂರನೇ ಸಲ ಅಲೆ ಅದನ್ನು ಪಕ್ಕಕ್ಕೆ ಒಯ್ದು, ಮರಳಲ್ಲಿ ಒಣಮೀನು ಹರವಿದ್ದ ಬೆಸ್ತರ ಹೆಂಗಸಿನ ಮುಂದೆ ಇಟ್ಟಿತು. ಹಣೆ ತುಂಬ ಕುಂಕುಮ, ಕೈ ತುಂಬ ಬಳೆ. ಅತ್ತೆ ಅವಳನ್ನು ಒಂದು ಗಳಿಗೆ ನೋಡಿದರು. "ಗಂಗಮ್ಮ ಮುತ್ತೈದೆ ರೂಪದಲ್ಲಿ ಇಲ್ಲಿ ಕೂತಿದ್ದಾಳೆ, ನಾನು ನೀರಲ್ಲಿ ಹುಡುಕ್ತಿದ್ದೀನಿ!" ಅಂದವರೇ ಓಡಿಹೋಗಿ ಮೊರ ಎತ್ತಿ, ಸೆರಗಿನ ಮರೆಯಲ್ಲಿ ಚಾಚಿದರು. ಭಾಷೆ ತಿಳಿಯದಿದ್ದರೂ ಆಕೆಗೆ ಕೊಡುವ ರೀತಿ ಅರ್ಥವಾಯಿತು. ಸೆರಗೊಡ್ಡಿ ತೆಗೆದುಕೊಂಡಳು. ಬರಿಗೈಲಿ ಕಳಿಸಬಾರದಲ್ಲ? ಎರಡು ಒಣಮೀನು ಎತ್ತಿ ಅತ್ತೆಯ ಮುಂದೆ ಹಿಡಿದಳು.

ಬೆಳ್ಳುಳ್ಳಿಯನ್ನೂ ಮನೆಯೊಳಗೆ ಸೇರಿಸದ ನಮ್ಮತ್ತೆ!

"ಅಮ್ಮಾ, ಮೀನು!"

"ಸುಮ್ನಿರೋ. ಎದುರು ಬಾಗಿನ ಬೇಡ ಅನ್ನಬಾರದು." ಉಸಿರು ಬಿಗಿಹಿಡಿದು ಸೆರಗೊಡ್ಡಿದರು.

ನಾದಿನಿಗೆ ಹೆರಿಗೆಯಾಗುವ ತನಕ ಅದನ್ನು ಬಿಸಾಡುವಂತಿಲ್ಲ ಅಂತ ಅವರ ಅಪ್ಪಣೆ. ಊರಿಗೆ ಬಂದ ಮೇಲೆ ಹಿತ್ತಲ ನುಗ್ಗೆಮರದಲ್ಲಿ ಮೀನು ತೂಗಿತು. ಬೀದಿಯ ಬೆಕ್ಕುಗಳೆಲ್ಲ ಬುಡದಲ್ಲಿ ಬೀಡುಬಿಟ್ಟವು. ಅತ್ತೆ ದಿನವೂ ಸ್ನಾನ ಮಾಡಿ, ಮಡಿ ಉಟ್ಟು, ಕೋಲು ಹಿಡಿದು ಕಾವಲು ಕೂರುತ್ತಿದ್ದರು. ಒಳಮನೆಯಿಂದ ಕೂಸು ಅತ್ತ ಸದ್ದು ಕೇಳಿದ ಮೇಲೇ ಅವರು ಕೋಲು ಕೆಳಗಿಟ್ಟು, "ಇನ್ನು ತಿನ್ಕೊಳ್ರೇ," ಅಂತ ಬೆಕ್ಕುಗಳಿಗೆ ದಾರಿ ಬಿಟ್ಟದ್ದು.