ಎಡಗಾಜಿನ ಮೇಲಿನ ಚೀಟಿ

ನನ್ನ ಸ್ವಂತ ಕನ್ನಡಕವನ್ನು ನಾನು ಸೆರಗಿನಲ್ಲೇ ಒರೆಸುತ್ತೇನೆ. ಅಂಗಡಿಯವರು ಕೊಟ್ಟ ಮೆತ್ತನೆಯ ಬಟ್ಟೆ ಎಲ್ಲಿದೆಯೋ ತಿಳಿಯದು. ಅದರ ಡಬ್ಬಿಯಲ್ಲಿ ಈಗ ಸೂಜಿದಾರ, ಗುಂಡಿಗಳಿವೆ. ಇಂಥ ನಾನು ಕಚೇರಿಯ ಕನ್ನಡಕವೊಂದರ ವಿಷಯದಲ್ಲಿ ಮಹಾ ಮಡಿವಂತೆಯಾಗಿದ್ದೆ ಎಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ.

ಶಿಕಾರಿಪುರದ ಹಾರ್ಡ್‌ವೇರ್ ಅಂಗಡಿಯೊಂದರ ಮಹಡಿಯಲ್ಲಿ ನಕ್ಷೆ ತಯಾರಿಸುವ ನಮ್ಮ ಸಣ್ಣ ಕಚೇರಿ. ಮಾಲೀಕರು, ನಾನು, ಹಿರಿಯ ನಕ್ಷೆಗಾರ ಬಸವಣ್ಯಪ್ಪ, ಇಷ್ಟೇ ಜನ. ಕೆರೆ, ಗದ್ದೆಗಳ ಮೇಲೆ ಡ್ರೋನ್ ಹಾರಿಸಿ ತೆಗೆದ ಫೋಟೋಗಳು ನಮ್ಮ ಕಂಪ್ಯೂಟರಿಗೆ ಬರುತ್ತಿದ್ದವು. ಒಂದೇ ಜಾಗವನ್ನು ತುಸು ಸರಿದು ಎರಡು ಸಲ ತೆಗೆದಿರುತ್ತಾರೆ. ಪರದೆ ಅವೆರಡನ್ನೂ ಭರಭರನೆ ಬದಲಿಸುತ್ತಿರುತ್ತದೆ. ಬ್ಯಾಟರಿಯ ಕನ್ನಡಕ ಅದೇ ತಾಳಕ್ಕೆ ಗಾಜುಗಳನ್ನು ಮುಚ್ಚಿ ತೆರೆದು ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರ ಕೊಡುತ್ತದೆ. ಆಗ ಚಪ್ಪಟೆಯಾಗಿದ್ದ ಕೆರೆಯ ಮಣ್ಣಿನ ಏರಿ ಪರದೆಯಿಂದ ಎದ್ದು ನಿಲ್ಲುತ್ತದೆ. ಇದರಲ್ಲಿ ಪವಾಡವೇನಿಲ್ಲ. ಒಂದೊಂದೇ ಕಣ್ಣು ಮುಚ್ಚಿ ಎದುರಿನ ಕಂಬ ನೋಡಿ, ಕಂಬ ಆಚೀಚೆ ಜಿಗಿಯುತ್ತದೆ. ನಮ್ಮ ಎರಡು ಕಣ್ಣುಗಳಲ್ಲಿ ಯಾವತ್ತೂ ಒಮ್ಮತವಿಲ್ಲ. ಆ ಭಿನ್ನಾಭಿಪ್ರಾಯಕ್ಕೇ ನಾವು ಆಳ ಎನ್ನುತ್ತೇವೆ.

ಬೆಳಕಿನ ಚುಕ್ಕಿಯೊಂದನ್ನು ಮೌಸಿನಿಂದ ಇಳಿಸಿ ನೆಲಕ್ಕೆ ಮುಟ್ಟಿಸುವುದು ನಮ್ಮ ಕೆಲಸ. ಮುಟ್ಟಿದಲ್ಲಿನ ಎತ್ತರ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಕಣ್ಣ ಮುಂದೆ ಎಲ್ಲ ಮಿನುಗುತ್ತದೆಂದು ದೀಪ ಆರಿಸಿ, ಕಿಟಕಿಯ ಪರದೆ ಎಳೆದು ಕೂರುತ್ತಿದ್ದೆವು. ನಾನು ನನ್ನ ಕನ್ನಡಕದ ಮೇಲೆ ಆ ಕನ್ನಡಕ ಏರಿಸಿದರೆ ಕೋಳಿ ಕದಿಯುವವಳಂತೆ ಕಾಣುತ್ತಿದ್ದೆನಂತೆ; ಇದು ಮಾಲೀಕರ ಅಭಿಪ್ರಾಯ.

ಬಸವಣ್ಯಪ್ಪನವರು ಮೂವತ್ತು ವರ್ಷ ಕೈಯಲ್ಲೇ ನಕ್ಷೆ ಬರೆದವರು. ಅವರ ಗೆರೆ ನೋಡಿದರೆ ಮುಟ್ಟಬೇಕೆನಿಸುತ್ತಿತ್ತು. ಆದರೆ ಕಂಪ್ಯೂಟರಿನಲ್ಲಿ ಅವರು ಮುಟ್ಟಿಸಿದ ಚುಕ್ಕಿಗಳು ಕೆಲವು ಗಾಳಿಯಲ್ಲಿ ತೇಲುತ್ತಿದ್ದವು, ಕೆಲವು ಮಣ್ಣಿನೊಳಗೆ ಹೂತಿರುತ್ತಿದ್ದವು. ಕೇಳಿದರೆ, "ಕನ್ನಡಕ ಸರಿ ಇಲ್ರಿ ಮೇಡಂ" ಎನ್ನುತ್ತಿದ್ದರು. ಅವರು ಅದನ್ನು ಗಾಜು ಕೆಳಗಾಗಿ ಇಡುವುದನ್ನು, ಟವೆಲಿನಿಂದ ತಿಕ್ಕುವುದನ್ನು ನೋಡಿದ್ದ ನಾನು ನಂಬಿದೆ. ಸ್ಪಿರಿಟ್ ಹಾಕಬೇಡಿ, ಗಾಜು ಒತ್ತಬೇಡಿ, ಮುಗಿದೊಡನೆ ಚಾರ್ಜಿಗೆ ಹಾಕಿ ಎಂದು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದೆ. ಚುಕ್ಕಿಗಳು ತೇಲುವುದು ನಿಲ್ಲಲಿಲ್ಲ.

ಒಂದು ದಿನ ಎಡಗಾಜಿನಲ್ಲಿ ಗೀರು ಕಂಡಿತು. 'ಗೀರು ಬಿದ್ದಿದೆ, ಬಳಸಬೇಡಿ' ಎಂದು ಚೀಟಿ ಬರೆದು, ಗಾಜು ಪೂರ್ತಿ ಮುಚ್ಚುವಂತೆ ಅಂಟಿಸಿ ಊಟಕ್ಕೆ ಹೋದೆ. ಬಂದು ನೋಡಿದರೆ ಬಸವಣ್ಯಪ್ಪನವರು ಚೀಟಿಯ ಸಮೇತ ಅದನ್ನೇ ಹಾಕಿಕೊಂಡು ಕೆಲಸ ಮಾಡುತ್ತಿದ್ದಾರೆ.

ನಾನು ಮೆಲ್ಲಗೆ ಕೇಳಿದೆ, "ಏರಿ ಎದ್ದು ಬಂತಾ?"

"ಬೇಷಾಗಿ ಬಂದೈತ್ರಿ."

ಒಂದು ಗಾಜು ಮುಚ್ಚಿದರೆ ಏರಿ ಏಳುವುದೇ ಇಲ್ಲ; ನಗು ಬಂತು. ಅವರು ಕನ್ನಡಕ ತೆಗೆದು ಚೀಟಿ ನೋಡಿ, ಅದನ್ನು ಮತ್ತೆ ಮತ್ತೆ ಸವರತೊಡಗಿದಾಗ ನಗು ಹಾಗೇ ನಿಂತಿತು.

"ಸಣ್ಣವನಿದ್ದಾಗ ಬುಗುರಿ ಮೊಳೆ ಬಡೀತ್ರಿ. ಈ ಎಡಗಣ್ಣಾಗ ಬೆಳಕಷ್ಟೇ ತಿಳೀತೈತಿ. ಮಾಲೀಕ್ರಿಗೆ ಹೇಳಬ್ಯಾಡ್ರಿ. ಈ ವಯಸ್ಸಿನಾಗ ನನ್ನ ಕೆಲಸಕ್ಕ ಯಾರು ಕರೀತಾರೆ?"

ಗೋಡೆಯ ಮೇಲಿನ ನನ್ನ ನಿಯಮಗಳನ್ನು ಕಿತ್ತು ಹಾಕಿದೆ. ಬೇರೆ ಕನ್ನಡಕ ತರಿಸಿ, ಅವರ ಪಾಲಿನ ಕೆಲಸವನ್ನು ಸದ್ದಿಲ್ಲದೆ ನಾನೇ ಮತ್ತೆ ಮಾಡಿದೆ. ಅದು ಸೊರಬ ತಾಲ್ಲೂಕಿನ ಉಳವಿ ಕಡೆಯ ಕೆರೆ. ಏರಿ ಎಲ್ಲಿ ತಗ್ಗಿದೆ ಎಂದು ನಾವು ತೋರಿಸಿದರೆ ಅಲ್ಲಿ ಮಣ್ಣು ಹಾಕಿ ಎತ್ತರಿಸುತ್ತಾರೆ. ನನ್ನ ಚುಕ್ಕಿಗಳ ಪ್ರಕಾರ ಏರಿ ಎಲ್ಲೂ ತಗ್ಗಿರಲಿಲ್ಲ. ಬಸವಣ್ಯಪ್ಪನವರು ಬರಿಗಣ್ಣಿನಲ್ಲಿ ಫೋಟೋ ನೋಡಿ ಒಂದು ಕಡೆ ಬೆರಳಿಟ್ಟರು.

"ಇಲ್ಲಿ ಹಸಿರು ದಟ್ಟ ಐತಿ ನೋಡ್ರಿ. ನೀರು ಹರಿಯೋ ಜಾಗ ಇದು. ನೀವು ಚುಕ್ಕಿ ಇಟ್ಟಿದ್ದು ನೆಲದ ಮ್ಯಾಲಲ್ಲ, ಗಿಡದ ನೆತ್ತಿ ಮ್ಯಾಲೆ."

"ನನಗೆ ನೆಲ ಸ್ಪಷ್ಟವಾಗಿ ಕಾಣುತ್ತಿದೆ" ಎಂದೆ. ಎರಡು ಕಣ್ಣಿರುವವರ ಜಂಬ ನನ್ನ ದನಿಯಲ್ಲಿತ್ತು. ಅವರು ಬೆರಳು ತೆಗೆಯಲಿಲ್ಲ. ನನಗೂ ಸಮಾಧಾನವಾಗಲಿಲ್ಲ. ಏರಿಯ ಕೆಳಗೇ ಗದ್ದೆಗಳಿದ್ದವು.

ಮರುದಿನ ಮಟ್ಟ ನೋಡುವ ದುರ್ಬೀನು, ಮಡಚುವ ಎರಡಾಳುದ್ದದ ಅಳತೆ ಪಟ್ಟಿ ಹಿಡಿದು ಇಬ್ಬರೂ ಬಸ್ಸು ಹತ್ತಿದೆವು. ಸೊರಬದಲ್ಲಿ ಇನ್ನೊಂದು ಬಸ್ಸು ಹಿಡಿದು ಕೆರೆಗೆ ಬಂದಾಗ, ಕೆಳಗಿನ ಗದ್ದೆಯ ಗೌರಮ್ಮ ಎಂಬಾಕೆ ನಮ್ಮನ್ನು ತಡೆದರು. "ಆ ಲಂಟಾನ ಪೊದೆಯೊಳಗೆ ಹೋಗ್ಬೇಡಿ ಮಾರಾಯ್ರೆ. ದನ ಇಳಿದೂ ಇಳಿದೂ ಏರಿ ಕುಸಿದು ಹೋಗಿದೆ. ಹೋದ ಮಳೆಗಾಲ ನಮ್ಮ ಸಸಿಮಡಿಯೆಲ್ಲ ಅಲ್ಲಿಂದ ಬಂದ ನೀರಲ್ಲೇ ಕೊಚ್ಚಿ ಹೋಯ್ತು."

ಬಸವಣ್ಯಪ್ಪನವರು ಪಟ್ಟಿ ಹಿಡಿದು ಪೊದೆಯೊಳಗೆ ಇಳಿದೇಬಿಟ್ಟರು. ಮೊದಲು ಮೊಣಕಾಲು, ಆಮೇಲೆ ಸೊಂಟ, ಕೊನೆಗೆ ತಲೆಯೂ ಮರೆಯಾಯಿತು. ಹಸಿರಿನ ಮೇಲೆ ಪಟ್ಟಿಯ ತುದಿ ಮಾತ್ರ ಉಳಿಯಿತು. "ಓದ್ರಿ ಮೇಡಂ!" ಎಂಬ ಕೂಗು ಒಳಗಿನಿಂದ ಬಂತು. ಓದಿದೆ. ನಾನು ನೆಲವೆಂದು ಗುರುತಿಸಿದ್ದಕ್ಕಿಂತ ನಿಜವಾದ ನೆಲ ಒಂದಾಳು ಕೆಳಗಿತ್ತು.

ಕಚೇರಿಗೆ ಬಂದು ಮಾಲೀಕರ ಮುಂದೆ ನನ್ನ ತಪ್ಪು ಹೇಳಿದೆ. ನಾನು ಮುಗಿಸುವ ಮೊದಲೇ ಬಸವಣ್ಯಪ್ಪನವರು ತಮ್ಮ ಕಣ್ಣಿನ ವಿಷಯ ತಾವೇ ಹೇಳಿಬಿಟ್ಟರು. ಮಾಲೀಕರು ನಕ್ಷೆಯನ್ನು ನಮ್ಮಿಬ್ಬರ ನಡುವೆ ಸರಿಸಿದರು. "ಇನ್ನು ಮ್ಯಾಲೆ ಮೇಡಂ ನೋಡ್ಲಿ, ನೀವು ಹೋಗಿ ನೆಲ ತುಳಿದು ಬರ್ರಿ" ಎಂದರು. ಅಷ್ಟಕ್ಕೇ ಮುಗಿಯಿತು. ಇಬ್ಬರೂ ಉಳಿದೆವು.

ಆ ಬೇಸಿಗೆಯಲ್ಲೇ ಪೊದೆ ಕಡಿದು ಮಣ್ಣು ಹಾಕಿದರು. ಮಳೆಗಾಲ ಕಳೆದ ಮೇಲೆ ಬೇರೊಂದು ಕೆಲಸಕ್ಕೆ ಹೋದವರು ಆ ಏರಿಯ ಮೇಲೆ ನಿಂತೆವು. ಕೆಳಗೆ ಗೌರಮ್ಮನ ಪೈರು ತೆನೆಗಟ್ಟಿತ್ತು. ಮೇಲೆ ಕೆರೆ ಅಂಚಿನವರೆಗೆ ತುಂಬಿ ನಿಶ್ಚಲವಾಗಿತ್ತು.

"ಆಳ ಎಷ್ಟೈತಿ, ಹೇಳ್ರಿ ನೋಡೋಣ" ಎಂದರು ಬಸವಣ್ಯಪ್ಪ.

ಕಣ್ಣು ಕಿರಿದು ಮಾಡಿ ನೋಡಿದೆ. ಮೋಡ, ಒಂದು ಕೊಕ್ಕರೆ, ನಮ್ಮಿಬ್ಬರ ನೆರಳು, ಇಷ್ಟೇ ಕಂಡದ್ದು.

"ಗೊತ್ತಾಗ್ತಿಲ್ಲ" ಎಂದೆ.

"ನನಗೂ ಇಲ್ರಿ" ಎಂದರು, ತುಂಬ ಸಮಾಧಾನದಿಂದ.